ತೀರದ ನೂಲು

2013ರಲ್ಲಿ ಕಾಲ್ಡಿಕಾಟ್ ಗೌರವಕ್ಕೆ ಪಾತ್ರವಾದ ‘ಎಕ್ಸ್‌ಟ್ರಾ ಯಾರ್ನ್’ (2012) ಎಂಬ ಇಂಗ್ಲಿಷ್ ಚಿತ್ರಪುಸ್ತಕದ ವಸ್ತು ಹೆಣಿಗೆ. ಕಥೆ ಮ್ಯಾಕ್ ಬಾರ್ನೆಟ್ಟರದು, ಚಿತ್ರಗಳು ಜಾನ್ ಕ್ಲಾಸೆನ್ನರವು. ಹಿಮದ ಬಿಳುಪು, ಹೊಗೆಮಸಿಯ ಕಪ್ಪು ಇವೆರಡೇ ತುಂಬಿದ ಊರಿನಲ್ಲಿ ಅನಬೆಲ್ ಎಂಬ ಬಾಲೆಗೆ ಬಣ್ಣಬಣ್ಣದ ಉಣ್ಣೆನೂಲಿನ ಪೆಟ್ಟಿಗೆಯೊಂದು ಸಿಕ್ಕುತ್ತದೆ. ತನಗೂ ನಾಯಿಗೂ ಊರವರಿಗೂ ಕಡೆಗೆ ಮನೆಗಳಿಗೂ ಉಡುಪು ಹೆಣೆದರೂ ನೂಲು ತೀರದು.

ಅಕ್ಷಯಪಾತ್ರೆಯ ನೆನಪಾಗುವುದು ನಮ್ಮವರಿಗೆ ಸಹಜ. ಆದರೆ ಭೇದವುಂಟು. ದ್ರೌಪದಿಯ ಊಟವಾದೊಡನೆ ಆ ಪಾತ್ರೆ ಅಂದಿಗೆ ಬರಿದಾಗುವುದು. ಆ ಕಟ್ಟಳೆಯನ್ನು ಕಥೆಯೇ ಬಾಯಿಬಿಟ್ಟು ಹೇಳುತ್ತದೆ. ಇಲ್ಲಿಯಾದರೋ, ಒಂದು ಕೋಟಿ ಡಾಲರಿಗೂ ದಕ್ಕದ ಪೆಟ್ಟಿಗೆಯನ್ನು ಪ್ರಭುವೊಬ್ಬನು ಕದಿಸಿ ತಂದು ತೆರೆದಾಗ ಒಳಗೆ ಏನೂ ಇಲ್ಲ. ಏಕೆಂಬುದನ್ನು ಗ್ರಂಥಕರ್ತರು ಹೇಳುವುದಿಲ್ಲ. ಈ ಸಂಯಮ ಶ್ಲಾಘ್ಯವಾದುದು; ನೀತಿಯನ್ನು ಕೊನೆಯ ಪುಟದಲ್ಲಿ ಸಾರಿಯೇ ತೀರುವ ರೂಢಿ ಬಾಲಸಾಹಿತ್ಯವನ್ನು ಇನ್ನೂ ಬಿಟ್ಟಿಲ್ಲ. ಉತ್ತರವನ್ನು ಚಿತ್ರಗಳಲ್ಲಿ ಹುಡುಕಬೇಕು: ಬಣ್ಣ ಊರಿಗೆ ಬರುವುದು ಹೆಣಿಗೆಯಾಗಿ.

ಕುಂದೂ ಒಂದುಂಟು. ಹೆಣಿಗೆಯೆಂದರೆ ಜಾರಿದ ಕುಣಿಕೆ, ಬಿಚ್ಚಿ ಮರಳಿ ಹಾಕಿದ ಸಾಲು. ಅನಬೆಲಳ ಕೈ ಒಮ್ಮೆಯೂ ತಪ್ಪದು. ಆ ಬೇಸರಕ್ಕೆ ಒಂದು ಪುಟ ದೊರೆತಿದ್ದರೂ ಪ್ರಭುವಿನ ಬರಿಯ ಪೆಟ್ಟಿಗೆಯ ಅರ್ಥ ಇನ್ನಷ್ಟು ಬಲವಾಗುತ್ತಿತ್ತು.