ತುರಿಕೆ ನಿಂತಿತು, ಹುಳಕಡ್ಡಿ ಹೋಯಿತೇ?

ಮೆಡಿಕಲ್ ಶಾಪಿನ ಮುಂದೆ ನಿಂತು ತೋಳು ಮಡಿಸಿ ತೋರಿಸಿದರೆ ಸಾಕು, ಒಂದು ಟ್ಯೂಬು ಕೈಗೆ ಬರುತ್ತದೆ. ಹುಳಕಡ್ಡಿಗೆ ನಮ್ಮಲ್ಲಿ ನಡೆಯುವ ಚಿಕಿತ್ಸೆ ಬಹಳ ಸಲ ಇಷ್ಟೇ. ನಾನು ನೋಡಿದ ಒಂದು ಟ್ಯೂಬಿನ ಮೇಲಿದ್ದ ಹೆಸರುಗಳು ಇವು: ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಫಿನ್. ಇವುಗಳಲ್ಲಿ ಹುಳಕಡ್ಡಿಗೆ ಕಾರಣವಾದ ಶಿಲೀಂಧ್ರವನ್ನು ಕೊಲ್ಲುವುದು ಕೊನೆಯದೊಂದೇ. ನಡುವಿನ ಎರಡಕ್ಕೆ ಹುಳಕಡ್ಡಿಯಲ್ಲಿ ಕೆಲಸವೇ ಇಲ್ಲ. ಮೊದಲನೆಯದು ಬಲು ತೀವ್ರವಾದ ಸ್ಟೀರಾಯ್ಡ್. ನನ್ನ ತಕರಾರು ಮುಖ್ಯವಾಗಿ ಅದರ ಮೇಲೆ.

ಹುಳಕಡ್ಡಿಯ ಉಂಗುರವನ್ನು ಹತ್ತಿರದಿಂದ ನೋಡಿ. ನಡುಭಾಗ ತಿಳಿಯಾಗಿರುತ್ತದೆ, ಅಂಚು ಕೆಂಪಗೆ ಉಬ್ಬಿ ಹೊಟ್ಟೇಳುತ್ತಿರುತ್ತದೆ. ಚರ್ಮ ಶಿಲೀಂಧ್ರದೊಡನೆ ಹೋರಾಡುತ್ತಿರುವ ಗುರುತು ಅದು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಎರಡು ಮೂರು ದಿನಕ್ಕೆ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ. ವಾಸಿಯಾಯಿತೆಂದು ಮುಲಾಮು ಹಚ್ಚುವುದನ್ನು ಬಿಡುತ್ತಾರೆ. ಕೆಲವು ದಿನಗಳಲ್ಲೇ ಉಂಗುರದೊಳಗೆ ಇನ್ನೊಂದು ಉಂಗುರ ಏಳುತ್ತದೆ. ಮತ್ತೆ ಅದೇ ಟ್ಯೂಬು.

ಟರ್ಬಿನಫಿನ್ ಒಳ್ಳೆಯ ಔಷಧ, ಅದು ನಾಟದಂತಾಗುತ್ತಿರುವುದೇ ಸಂಕಟ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಬೇಕು. ಅದನ್ನು ತಯಾರಿಸುವ ಹಾದಿಯಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವಿದೆ. ಔಷಧ ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಕಿಣ್ವದ 397ನೆಯ ಸ್ಥಾನದಲ್ಲಿ ಫಿನೈಲಲನಿನ್ ಎಂಬ ಅಮೈನೋ ಆಮ್ಲದ ಬದಲು ಲ್ಯೂಸಿನ್ ಬಂದು ಕೂತರೆ ಸಾಕು, ಔಷಧದ ಹಿಡಿತ ಸಡಿಲವಾಗುತ್ತದೆ. ಈ ಬದಲಾವಣೆಯನ್ನು ಸ್ಟೀರಾಯ್ಡ್ ಉಂಟುಮಾಡುವುದಿಲ್ಲ, ಅದು ಆಕಸ್ಮಿಕ. ಆದರೆ ಅರೆಬರೆ ಚಿಕಿತ್ಸೆಯಲ್ಲಿ ಸಾಮಾನ್ಯ ಶಿಲೀಂಧ್ರ ಸತ್ತು, ಬದಲಾದದ್ದು ಉಳಿದು, ಕಾವಲು ಕಳೆದುಕೊಂಡ ಚರ್ಮದಲ್ಲಿ ಹಬ್ಬುತ್ತದೆ. ಆಮೇಲೆ ಟವೆಲು, ಹಾಸಿಗೆಗಳಿಂದ ಮನೆಮಂದಿಗೆಲ್ಲ.

ಭಾರತದಲ್ಲಿ ವ್ಯಾಪಕವಾಗಿರುವ ಇಂಥ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಿಂದ ವರದಿಯಾದ, ಇದೇ ಶಿಲೀಂಧ್ರ ತಗುಲಿದ ಇಬ್ಬರು ರೋಗಿಗಳಲ್ಲಿ ಒಬ್ಬಾಕೆ ಇತ್ತೀಚೆಗೆ ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ.

ಬೆವರಿನಲ್ಲಿ ದುಡಿಯುವವರಿಗೆ ತೊಡೆಸಂದಿಯ ತುರಿಕೆ ಎಂದರೆ ರಾತ್ರಿಯ ನಿದ್ದೆ ಹೋದಂತೆ. ಚರ್ಮವೈದ್ಯರನ್ನು ಕಾಣಲು ಜಿಲ್ಲಾ ಕೇಂದ್ರಕ್ಕೆ ಹೋದರೆ ಒಂದು ದಿನದ ಕೂಲಿಯೂ ಹೋಯಿತು. ಟ್ಯೂಬು ಕೊಳ್ಳುವ ಅವರನ್ನು ದೂರಲು ನನಗೆ ಮನಸ್ಸು ಬಾರದು. ತಪ್ಪು ಇಂಥ ಬೆರಕೆಯನ್ನು ತಯಾರಿಸಿ ಮಾರುವವರದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆ ಟ್ಯೂಬಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಕನ್ನಡ ಮಾತ್ರ ಬಲ್ಲವರಿಗೆ ಅದು ಇದ್ದೂ ಇಲ್ಲದ ಹಾಗೆ.

ಅದೇ ಕಪಾಟಿನಲ್ಲಿ ಸ್ಟೀರಾಯ್ಡ್ ಬೆರೆಸದ, ಬರೀ ಶಿಲೀಂಧ್ರನಾಶಕ ಮುಲಾಮೂ ಇರುತ್ತದೆ. ಅದನ್ನು ಉಂಗುರದ ಅಂಚಿನಾಚೆ ಬೆರಳಗಲದವರೆಗೆ, ಗುಣ ಕಂಡ ಮೇಲೂ ಬಿಡದೆ ಹಚ್ಚಬೇಕು. ಅದರಲ್ಲಿ ತುರಿಕೆ ನಿಧಾನಕ್ಕೆ ಇಳಿಯುತ್ತದೆ. ಅಂಗಡಿಯವರ ಕೈ ಅತ್ತ ಹೋಗದಿರುವುದು ಅದಕ್ಕೇ.