ಹತ್ತುವುದೂ ತೆವಳುವುದೂ

ಪರಭಾಷೆಯ ಕಥೆಯೊಂದನ್ನು ಅನುವಾದದಲ್ಲಿ ಓದುವಾಗ ನಾವು ಸಾಮಾನ್ಯವಾಗಿ ನಾಮಪದಗಳಲ್ಲಿ ಎಡವುತ್ತೇವೆ. ಕಂಡರಿಯದ ಮರ, ತಿಂದರಿಯದ ಗೆಡ್ಡೆ, ಹೆಸರು ಕೇಳದ ಹಕ್ಕಿ ಇವು ಎದುರಾದಾಗ ಅನುವಾದಕ ಒಂದು ಅಡಿಟಿಪ್ಪಣಿ ಹಾಕುತ್ತಾನೆ. ನಾವೂ ಸಮಾಧಾನಪಟ್ಟು ಮುಂದೆ ಸಾಗುತ್ತೇವೆ. ಕ್ರಿಯಾಪದದ ಸಂಗತಿ ಹಾಗಲ್ಲ. ಅಲ್ಲಿ ಆದ ಲೋಪ ಓದುಗನಿಗೆ ಕಾಣುವುದೇ ಇಲ್ಲ. ಬಂದ, ಹೋದ, ಹತ್ತಿದ, ಇಳಿದ ಎಂಬ ಮಾತುಗಳು ಎಲ್ಲ ಭಾಷೆಗಳಲ್ಲೂ ಒಂದೇ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಎಷ್ಟು ದುರ್ಬಲವೆಂಬುದು ಕರುಕ್ ಭಾಷೆಯ ಕಥೆಗಳನ್ನು ಓದಿದಾಗ ನನಗೆ ಮನದಟ್ಟಾಯಿತು.

ಕರುಕರು ಅಮೆರಿಕದ ಕ್ಯಾಲಿಫೋರ್ನಿಯಾದ ವಾಯವ್ಯ ಮೂಲೆಯಲ್ಲಿ, ಕ್ಲಾಮತ್ ನದಿಯ ದಂಡೆಯಲ್ಲಿ ಬಾಳಿಕೊಂಡು ಬಂದ ಜನ. 1850ರ ಸುಮಾರಿಗೆ ಚಿನ್ನ ಹುಡುಕಿ ಬಂದವರು ಆ ಕಣಿವೆಗೆ ನುಗ್ಗಿದರು. ಮುಂದೆ ಸರಕಾರದ ವಸತಿಶಾಲೆಗಳು ಮಕ್ಕಳ ಬಾಯಿಂದ ಆ ನುಡಿಯನ್ನು ಕಿತ್ತುಕೊಂಡವು. ಅದನ್ನು ತಾಯಿಯ ಮಡಿಲಲ್ಲೇ ಕಲಿತವರು ಇಂದು ಬಹಳ ಕಡಿಮೆ. ಈ ಭಾಷೆಯ ಪ್ರಮಾಣ ವ್ಯಾಕರಣವನ್ನು, ಕಥೆಗಳ ಸಂಗ್ರಹ ಮತ್ತು ಪದಕೋಶದೊಡನೆ, 1957ರಲ್ಲಿ ಪ್ರಕಟಿಸಿದವರು ವಿಲಿಯಂ ಬ್ರೈಟ್. ಈ ಹೆಸರು ನಮಗೆ ಅಪರಿಚಿತವಾಗಬಾರದು. ಇದೇ ವಿದ್ವಾಂಸರು ಮರುವರ್ಷ, 1958ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಿಂದ ಆಡುಗನ್ನಡದ ರೂಪರೇಖೆಯನ್ನು ಕುರಿತ ಗ್ರಂಥವನ್ನೂ ಹೊರತಂದರು. ಜಾತಿ ಜಾತಿಗೆ ಕನ್ನಡದ ಮಾತು ಹೇಗೆ ಬದಲಾಗುತ್ತದೆಂಬುದನ್ನು ಕಿವಿಗೊಟ್ಟು ಕೇಳಿ ಬರೆದರು. ಕ್ಲಾಮತ್ ದಂಡೆಯಲ್ಲಿ ಮುದುಕ ಮುದುಕಿಯರ ಬಳಿ ಕುಳಿತು ಕಲಿತ ಕಿವಿ ಅದು. ಕರುಕರು ಅವರಿಗೆ 'ಪುಟ್ಟ ಪದ ಕೇಳುವವ' ಎಂಬರ್ಥದ ಹೆಸರಿಟ್ಟಿದ್ದರಂತೆ. ವಿಮರ್ಶಕರಿಗೆ ಇಡಬಹುದಾದ ಹೆಸರೂ ಇದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ವಿಷಯಕ್ಕೆ ಬರೋಣ. ಕರುಕ್ ಭಾಷೆಯಲ್ಲಿ 'ವೋರ್' ಎಂಬುದೊಂದು ಧಾತು. ಕೈಕಾಲು ನಾಲ್ಕನ್ನೂ ಊರಿ ಚಲಿಸುವುದು ಎಂದು ಅದರ ಭಾವವನ್ನು ಹೇಳಬಹುದು. ಇದಕ್ಕೆ ಮೇಲ್ಮುಖವನ್ನು ಸೂಚಿಸುವ ಪ್ರತ್ಯಯ ಹತ್ತಿ 'ವೋರುರ' ಎಂದಾದರೆ ಮರ ಹತ್ತಿದಂತೆ; ಒಳಗೆ ಎಂಬರ್ಥದ 'ಫುರುಕ್' ಸೇರಿ 'ವೋನ್‌ಫುರುಕ್' ಎಂದಾದರೆ ತೆವಳಿ ಮನೆಯೊಳಗೆ ಹೊಕ್ಕಂತೆ. ನಮಗೆ ಹತ್ತುವುದು ಬೇರೆ, ತೆವಳುವುದು ಬೇರೆ. ಹತ್ತುವುದರಲ್ಲಿ ಪೌರುಷವಿದೆ, ತೆವಳುವುದರಲ್ಲಿ ದೈನ್ಯವಿದೆ. ಅವರಿಗೆ ಎರಡೂ ಒಂದೇ ಬೇರಿನ ಎರಡು ಚಿಗುರು. ಮೈ ಹೇಗೆ ಚಲಿಸಿತು ಎಂಬುದನ್ನು ಧಾತು ಹೇಳುತ್ತದೆ; ಎತ್ತ ಚಲಿಸಿತು ಎಂಬುದನ್ನು ಪ್ರತ್ಯಯ ಹೇಳುತ್ತದೆ.

ಸಂಸ್ಕೃತದ ಪರಿಚಯವಿದ್ದವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು. 'ರುಹ್' ಧಾತುವೊಂದೇ, 'ಆ' ಸೇರಿದರೆ ಆರೋಹಣ, 'ಅವ' ಸೇರಿದರೆ ಅವರೋಹಣ. ಸಂಗೀತದ ಪಾಠಕ್ಕೆ ಹೋದ ನಮ್ಮ ಮನೆಯ ಹುಡುಗಿಯರಿಗೂ ಗೊತ್ತಿರುವ ಸಂಗತಿ. ಆದರೆ ಕರುಕ್ ಪ್ರತ್ಯಯಗಳ ಸೂಕ್ಷ್ಮತೆಯ ಮುಂದೆ ನಮ್ಮ ಉಪಸರ್ಗಗಳು ಒರಟು ಎನ್ನಬೇಕು. ಮೇಲಕ್ಕೆ ಎಂದರೆ ಅಲ್ಲಿ ಸಾಲದು. ಆಳೆತ್ತರದವರೆಗೆ ಮೇಲಕ್ಕೋ, ಅದನ್ನು ಮೀರಿದ ಎತ್ತರಕ್ಕೋ ಎಂಬುದಕ್ಕೆ ಬೇರೆ ಬೇರೆ ಪ್ರತ್ಯಯಗಳುಂಟು. ಕೆಳಕ್ಕೆ ಬರುವುದಕ್ಕೂ ಹಾಗೆಯೇ. ಹೆಚ್ಚು ಎತ್ತರವನ್ನು ಹೇಳುವ ಪ್ರತ್ಯಯವೇ 'ಇಲ್ಲಿಂದ ಗುಡ್ಡದ ಕಡೆಗೆ' ಎಂದೂ ಹೇಳುತ್ತದೆ. ಹೊಳೆಯ ಮೇಲ್ದಿಕ್ಕಿಗೆ, ಕೆಳದಿಕ್ಕಿಗೆ, ಆಚೆ ದಡಕ್ಕೆ, ಆಚೆ ದಡದಿಂದ ಈಚೆಗೆ, ಗುಡ್ಡದಿಂದ ಇತ್ತ, ಹೊಳೆಯಂಚಿನಿಂದ ಇತ್ತ—ಒಂದೊಂದಕ್ಕೂ ಒಂದೊಂದು ಪ್ರತ್ಯಯ. ಪೂರ್ವ ಪಶ್ಚಿಮಗಳ ಗೊಡವೆ ಆ ಜನಕ್ಕಿಲ್ಲ. ಹೊಳೆಯೇ ಅವರ ದಿಕ್ಸೂಚಿ. 'ಕರುಕ್' ಎಂಬ ಮಾತಿನ ಅರ್ಥವೇ ಹೊಳೆಯ ಮೇಲ್ದಿಕ್ಕು. ಕೆಳದಿಕ್ಕಿನಲ್ಲಿರುವ ನೆರೆಯ ಜನರಿಗೆ ಯುರೋಕ್ ಎಂಬ ಹೆಸರು ಬಂದದ್ದು ಕರುಕರ 'ಯುರುಕ್' ಎಂಬ ಪದದಿಂದ. ಆ ಹೊಳೆಗೆ ಅಡ್ಡಲಾಗಿದ್ದ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಕೆಡವಿ ಮುಗಿಸಿದರು. ಅದೇ ವರ್ಷ ಸಾಲ್ಮನ್ ಮೀನುಗಳು ಕಟ್ಟೆಗಳಿದ್ದ ಜಾಗವನ್ನು ದಾಟಿ ಮೇಲಕ್ಕೆ ಈಜಿದವು.

ಇಂಥ ಭಾಷೆಯ ಕಥೆ ಅನುವಾದವಾದಾಗ ಏನಾಗುತ್ತದೆ? ಕಯೋಟಿ ಎಂಬ ಬಯಲುನರಿ ಹಣದಾಸೆಯಿಂದ ಹೊಳೆಯ ಮೇಲ್ದಿಕ್ಕಿಗೆ ಹೊರಟು, ಕೊನೆಗೆ ಅದೇ ಹೊಳೆಯಲ್ಲಿ ಕೆಳಕ್ಕೆ ತೇಲಿಹೋಗುವ ಕಥೆ ಅವರಲ್ಲಿ ಪ್ರಸಿದ್ಧ. ಅಲ್ಲಿ ದಿಕ್ಕು ಅಲಂಕಾರವಲ್ಲ, ಕಥೆಯ ಬೆನ್ನೆಲುಬು. ಅನುವಾದದಲ್ಲಿ 'ಹೋದ' ಎಂದಷ್ಟೇ ಬಂದರೆ ನರಿ ಉಳಿಯುತ್ತದೆ, ಹೊಳೆ ಬತ್ತುತ್ತದೆ.

ದಿಕ್ಕಿನ ಲೋಪವನ್ನಾದರೂ ಒಂದೆರಡು ಹೆಚ್ಚಿನ ಪದಗಳಿಂದ ತುಂಬಬಹುದು. ನನ್ನನ್ನು ಹೆಚ್ಚು ಕಾಡಿದ್ದು ಆ 'ವೋನ್‌ಫುರುಕ್'. ಕರುಕರ ಹಳೆಯ ಮನೆ ಎಂದರೆ ನೆಲವನ್ನು ಅಗೆದು, ಸೀಳಿದ ಹಲಗೆಗಳನ್ನು ನಿಲ್ಲಿಸಿ ಕಟ್ಟಿದ್ದು. ಬಾಗಿಲು ಒಂದು ಸಣ್ಣ ದುಂಡನೆಯ ಕಂಡಿ. ಅಲ್ಲಿ ಯಜಮಾನನೂ ತೆವಳಿಯೇ ಒಳಗೆ ಬರಬೇಕು, ಸಿರಿವಂತ ನೆಂಟನೂ ತೆವಳಿಯೇ ಬರಬೇಕು, ಮದುವಣಗಿತ್ತಿಯೂ ಅಷ್ಟೆ. ಆದುದರಿಂದ ಕಥೆಯಲ್ಲಿ ಒಬ್ಬನು ತೆವಳಿ ಒಳಬಂದನೆಂದರೆ ಅವನು ಸುಮ್ಮನೆ ಮನೆಗೆ ಬಂದನೆಂದು ಅರ್ಥ. ಇಂಗ್ಲಿಷಿನಲ್ಲಿ 'ಕ್ರಾಲ್' ಎಂದೊಡನೆ ಓದುಗನ ಕಣ್ಣಿಗೆ ಗಾಯಗೊಂಡವನೋ, ಕುಡಿದವನೋ, ಅಂಗಲಾಚುವವನೋ ಕಾಣುತ್ತಾನೆ. ಪದ ಸರಿಯಾಗಿದೆ, ಮನುಷ್ಯ ತಪ್ಪಾಗಿದ್ದಾನೆ! ಹಾಗೆಂದು ಬರೇ 'ಒಳಗೆ ಬಂದ' ಎಂದರೆ ಮನುಷ್ಯ ಸರಿಹೋಗುತ್ತಾನೆ, ಮನೆ ಮಾಯವಾಗುತ್ತದೆ. ಒಂದು ಜನಾಂಗದ ಮರ್ಯಾದೆ ಒಂದು ಕ್ರಿಯಾಪದದ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಕ್ಷೇಮೇಂದ್ರನು ಔಚಿತ್ಯದ ಬಗೆಗಳನ್ನು ಎಣಿಸುವಾಗ ಕ್ರಿಯಾಪದಕ್ಕೂ ಉಪಸರ್ಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟನಷ್ಟೆ. ನಮ್ಮ ಅನುವಾದಗಳ ವಿಮರ್ಶೆ ರಸ, ಶೈಲಿ ಎಂದು ಮೇಲೆ ಮೇಲೆ ಹಾರಾಡುವುದನ್ನು ಬಿಟ್ಟು ಆ ಎರಡು ಮೆಟ್ಟಿಲುಗಳಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಬ್ರೈಟ್ ತಮ್ಮ ಅನುವಾದಗಳಿಗೆ ಮತ್ತೆ ಮತ್ತೆ ಮರಳಿದರು. ಮೊದಲು ಗದ್ಯವಾಗಿ ಅಚ್ಚಾಗಿದ್ದ ಕರುಕ್ ಕಥನವನ್ನು ಅವರು 1980ರ ಹೊತ್ತಿಗೆ ಪದ್ಯದಂತೆ ಸಾಲು ಸಾಲಾಗಿ ಮುರಿದು ಅನುವಾದಿಸತೊಡಗಿದರು. ಹೇಳುವವರ ಉಸಿರಿನ ನಿಲುಗಡೆ ಕಾಗದದ ಮೇಲೆ ಕಾಣಲಿ ಎಂಬುದು ಉದ್ದೇಶ. ಇದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಆದರೂ ಸಾಲನ್ನು ಎಲ್ಲಿ ಮುರಿದರೂ ಸಾಲಿನೊಳಗಿನ ಇಂಗ್ಲಿಷ್ ಕ್ರಿಯಾಪದ ಇಂಗ್ಲಿಷಿನದೇ. ಲಯವನ್ನು ಮರಳಿ ಪಡೆಯುವುದು ಸುಲಭ; ಬಾಗಿಲನ್ನು ಮರಳಿ ಪಡೆಯುವುದು ಕಷ್ಟ.

ಕನ್ನಡ ಈ ಕೆಲಸವನ್ನು ಇಂಗ್ಲಿಷಿಗಿಂತ ಚೆನ್ನಾಗಿ ಮಾಡೀತೆ? ನಮ್ಮ 'ಹತ್ತು' ಎಂಬ ಮಾತನ್ನೇ ನೋಡಿ. ಹಳಗನ್ನಡದ 'ಪತ್ತು' ಎಂದರೆ ಅಂಟಿಕೊಳ್ಳುವುದು, ತಗಲುವುದು. ಬೆಂಕಿ ಹತ್ತುತ್ತದೆ, ನೆಂಟು ಹತ್ತುತ್ತದೆ, ಅಡಿಗೆ ತಳ ಹತ್ತುತ್ತದೆ. ಮರ ಹತ್ತುವವನೂ ಮೊದಲು ಮರಕ್ಕೆ ಅಂಟಿಕೊಂಡವನೇ. ಅಂದರೆ ನಮ್ಮ ಪದದ ಬೇರೂ ಎತ್ತರದಲ್ಲಿಲ್ಲ, ಮೈಯ ಹಿಡಿತದಲ್ಲಿದೆ. ಇಷ್ಟರಮಟ್ಟಿಗೆ ಅದು 'ವೋರ್'ಗೆ ದಾಯಾದಿ. ಆದರೆ ಕಾಲಕ್ರಮದಲ್ಲಿ ಅದು ಮೇಲ್ಮುಖಕ್ಕೇ ಕಟ್ಟುಬಿತ್ತು. ಇಂಗ್ಲಿಷಿನವನು ಕೆಳಕ್ಕೂ 'ಕ್ಲೈಂಬ್' ಮಾಡಬಲ್ಲ. ಕನ್ನಡಿಗ ಕೆಳಕ್ಕೆ ಹತ್ತಲಾರ, ಇಳಿಯಲೇಬೇಕು.

ತೆವಳುವುದಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಆದರೆ ಒಂದೊಂದು ಪದವನ್ನೂ ಒಬ್ಬೊಬ್ಬರು ಆಗಲೇ ಹಿಡಿದು ಕುಳಿತಿದ್ದಾರೆ. ಅಂಬೆಗಾಲು ಕೂಸಿನದು. ಹರಿಯುವುದು ಹಾವಿನದು. ನುಸುಳುವುದು ಕಳ್ಳನದು. ತೆವಳುವುದು ಕಾಲಿಲ್ಲದವನದು. ನುಗ್ಗುವುದು ಜಗಳಕ್ಕೆ ಬಂದವನದು. ನೆಟ್ಟಗೆ ಮನೆಗೆ ಬರುವ ಗೃಹಸ್ಥನಿಗೆ ಒಂದೂ ಉಳಿದಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಾಗಿಲ ಪಟ್ಟಿ ತಗ್ಗಾಗಿರುತ್ತಿತ್ತು. 'ಬಗ್ಗಿ ಬನ್ನಿ, ತಲೆ ತಾಗೀತು' ಎಂದು ಒಳಗಿನಿಂದ ಕೂಗುತ್ತಿದ್ದರು. ಆ ಬಗ್ಗುವಿಕೆಯಲ್ಲಿ ದೈನ್ಯವಿರಲಿಲ್ಲ, ಉಪಚಾರವಿತ್ತು. ಕರುಕರ ಕಥೆಯನ್ನು ಕನ್ನಡಕ್ಕೆ ತರುವ ತರುಣರು ಯಾರಾದರೂ ಇದ್ದರೆ, ಅವರಿಗೆ ನಾನು ಸೂಚಿಸುವುದು 'ಬಗ್ಗಿ ಒಳಹೊಕ್ಕ' ಎಂಬ ಈ ಸಾದಾ ಮಾತನ್ನೇ. ಮಂಡಿಯೂರಿದ ಚಿತ್ರ ಅದರಲ್ಲಿ ಪೂರ್ತಿ ಬರುವುದಿಲ್ಲ, ನಿಜ. ಮೊದಲ ಸಲ ಬಂದಾಗ ಬಾಗಿಲಿನ ದುಂಡುಕಂಡಿಯನ್ನು ಕಥೆಯೊಳಗೇ ಅರ್ಧ ವಾಕ್ಯದಲ್ಲಿ ತೋರಿಸಿಬಿಡಲಿ, ಅಡಿಟಿಪ್ಪಣಿ ಬೇಡ.