‘ೞ’ ಅಕ್ಷರಕ್ಕೆ ‘ಫ’ ಎಂಬ ಹೆಸರು: ಯೂನಿಕೋಡಿನ ಒಂದು ಲೋಪ

ಶಿರಸಿ ತಾಲ್ಲೂಕಿನ ಬನವಾಸಿಯನ್ನು ತನ್ನ ಕಾವ್ಯದಲ್ಲಿ ಕೊಂಡಾಡಿದ ಪಂಪನ ಕಾಲದಲ್ಲಿ, ಅಂದರೆ ಹತ್ತನೆಯ ಶತಮಾನದಲ್ಲಿ, ‘ಳ’ ಮತ್ತು ‘ೞ’ ಎರಡು ಬೇರೆ ಅಕ್ಷರಗಳಾಗಿದ್ದವು. ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ಮುಂದೆ ೞಕಾರ ಬಳಕೆಯಿಂದ ಮರೆಯಾಗಿ, ಅದರ ಜಾಗಕ್ಕೆ ಹೆಚ್ಚಾಗಿ ‘ಳ’ ಬಂದಿತು. ಹಳಗನ್ನಡ ಕಾವ್ಯ, ಶಾಸನಗಳನ್ನು ಗಣಕಕ್ಕೆ ಊಡಿಸುವಾಗ ಮಾತ್ರ ಈ ಅಕ್ಷರ ಬೇಕೇಬೇಕು.

ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಮತ್ತು ಒಂದು ಇಂಗ್ಲಿಷ್ ಹೆಸರು ಕೊಡುತ್ತದೆ. ೞಕಾರದ ಸಂಖ್ಯೆ 3294. 1993ರ 1.1ನೇ ಆವೃತ್ತಿಯಲ್ಲಿಯೇ ಇದು ಇದೆ. ಆದರೆ ಇದಕ್ಕೆ ಸಿಕ್ಕ ಹೆಸರು ‘ಕನ್ನಡ ಲೆಟರ್ ಫಾ’! ‘ಫ್ಯಾನ್’ ಪದದ ಫಕಾರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇದು ಹೇಗಾಯಿತು? ಒಂದು ಸರಳ ವ್ಯವಕಲನ ಮಾಡಿ ನೋಡೋಣ. ಕನ್ನಡದ ವಿಭಾಗ 3200ರಿಂದ, ದೇವನಾಗರಿಯದು 2304ರಿಂದ, ಗುರುಮುಖಿಯದು 2560ರಿಂದ ಆರಂಭ. ಭಾರತೀಯ ಲಿಪಿಗಳಲ್ಲಿ ಸಮಾನ ಅಕ್ಷರಗಳಿಗೆ ಸಾಧ್ಯವಾದಷ್ಟೂ ಸಮಾನ ಸ್ಥಾನವಿರಲೆಂಬುದು ಇಸ್ಕಿ ಸಂಕೇತದಿಂದ ಬಂದ ಕ್ರಮ. ೞಕಾರದ ಸ್ಥಾನ 3294 – 3200 = 94. ದೇವನಾಗರಿ ಮತ್ತು ಗುರುಮುಖಿಗಳಲ್ಲಿ 94ನೇ ಸ್ಥಾನದಲ್ಲಿರುವುದು ಚುಕ್ಕೆಯುಳ್ಳ ಫಕಾರ. ತಪ್ಪು ಹೆಸರಿನ ಜಾಡು ಇಲ್ಲಿ ಕಾಣುತ್ತದೆ. ತಮಿಳು, ಮಲಯಾಳಗಳ ೞಕಾರ 52ನೇ ಸ್ಥಾನದಲ್ಲಿದೆ. 2014ರಲ್ಲಿ ಸೇರಿದ ತೆಲುಗಿನದೂ ಅಲ್ಲಿಯೇ. ಕನ್ನಡದ 52ನೇ ಸ್ಥಾನ, ಅಂದರೆ 3252, ಖಾಲಿ ಉಳಿದಿದೆ. ಹೀಗಾಗಿ ಲೋಪ ಒಂದಲ್ಲ, ಎರಡು: ಹೆಸರೂ ತಪ್ಪು, ಸ್ಥಾನವೂ ಕ್ರಮ ತಪ್ಪಿದ್ದು.

ತಿದ್ದಬಾರದೆ? ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದ್ದರಿಂದ 2006ರ 5.0ನೇ ಆವೃತ್ತಿಯಲ್ಲಿ ಹಳೆಯ ಹೆಸರನ್ನು ಉಳಿಸಿಯೇ, ತಿದ್ದುಪಡಿಯಾಗಿ ಇನ್ನೊಂದು ಅಧಿಕೃತ ಹೆಸರನ್ನು ಸೇರಿಸಲಾಯಿತು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ವಿದ್ಯುತ್ ಪ್ರವಾಹದ ದಿಕ್ಕನ್ನು ನೆನಪಿಸೀತು. 1897ರಲ್ಲಿ ಥಾಮ್ಸನ್ ಇಲೆಕ್ಟ್ರಾನನ್ನು ಗುರುತಿಸಿದ ಮೇಲೂ ನಾವು ಬಾಣದ ಗುರುತನ್ನು ಧನದಿಂದ ಋಣಕ್ಕೇ ಎಳೆಯುತ್ತೇವೆ. ಆದರೆ ಹೋಲಿಕೆಗೆ ಮಿತಿಯಿದೆ. ಧನ, ಋಣ ಎಂಬುವು ಒಪ್ಪಂದಗಳು; ಯಾವುದನ್ನು ಯಾವುದೆಂದು ಕರೆದರೂ ನಿಯಮಗಳು ನಡೆಯುತ್ತವೆ. ೞಕಾರವನ್ನು ಫಕಾರವೆನ್ನುವುದು ಒಪ್ಪಂದವಲ್ಲ, ಅಸತ್ಯ. ಅಕ್ಷರನಕ್ಷೆಯಲ್ಲಿ ಹೆಸರು ನೋಡಿ ಹುಡುಕುವ ವಿದ್ಯಾರ್ಥಿ ಇದನ್ನು ಕಂಡರೂ ಬಿಟ್ಟುಬಿಡುತ್ತಾನೆ.

ಆದರೂ ಸ್ಥಿರತೆಯ ನಿಯಮವನ್ನು ನಾನು ಒಪ್ಪುತ್ತೇನೆ. ಕಡತದಲ್ಲಿ ಉಳಿಯುವುದು ಸಂಖ್ಯೆಯೇ ಹೊರತು ಹೆಸರಲ್ಲ. ಸಂಖ್ಯೆಯನ್ನು ಬದಲಿಸಿದರೆ ಈಗಾಗಲೇ ಊಡಿಸಿದ ಪಠ್ಯವೆಲ್ಲ ಕೆಡುತ್ತದೆ.

ನಿಜವಾದ ಹಾನಿ ನಮ್ಮ ಕೈಯಿಂದಲೇ ಆಗುತ್ತದೆ. ಕೀಲಿಮಣೆಯಲ್ಲಿ ೞ ಸುಲಭವಾಗಿ ಸಿಗದೆಂದು ಅದರ ಬದಲು ‘ಳ’ (3251) ಒತ್ತಿದರೆ ಎರಡು ಅಕ್ಷರಗಳು ಒಂದಾಗುತ್ತವೆ. ಗಣಿತದ ಮಾತಿನಲ್ಲಿ ಇದು ವಿಲೋಮವಿಲ್ಲದ ಉತ್ಪನ್ನ. ‘ೞ’ ಇದ್ದರೆ ಓದುಗರ ಅನುಕೂಲಕ್ಕಾಗಿ ತಂತ್ರಾಂಶ ಅದನ್ನು ಯಾವಾಗ ಬೇಕಾದರೂ ‘ಳ’ ಎಂದು ತೋರಿಸಬಹುದು. ‘ಬಾಳ್’ ಎಂದಷ್ಟೇ ಇದ್ದರೆ ಅದು ಕತ್ತಿಯೋ ಬದುಕೋ ಎಂದು ಗಣಕ ಹೇಳಲಾರದು. ಕಳೆದ ಮಾಹಿತಿ ಮರಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಧ್ಯಾಪಕರು ಮಕ್ಕಳೊಡನೆ ಬನವಾಸಿಗೆ ಹೋಗುವುದುಂಟು. ಹಿಂದಿರುಗಿದ ಮೇಲೆ ಒಂದು ಹಳಗನ್ನಡ ಶಾಸನದ ಮುದ್ರಿತ ಪಾಠವನ್ನು ವಿದ್ಯಾರ್ಥಿಗಳಿಂದ ಗಣಕಕ್ಕೆ ಊಡಿಸಿ, ಪ್ರತಿ ೞಕಾರದ ಸಂಖ್ಯೆ 3294 ಹೌದೇ ಎಂದು ಪರೀಕ್ಷಿಸಲಿ. ಅಕ್ಷರದ ಹೆಸರನ್ನು ಯೂನಿಕೋಡ್ ಬದಲಿಸಲಾರದು. ಅಕ್ಷರವನ್ನು ಉಳಿಸಿಕೊಳ್ಳುವುದು ಮಾತ್ರ ನಮಗೆ ಸಾಧ್ಯ.